ದೊಡ್ಡ ಮನೆ, ಸಣ್ಣ ಹೊಲ: ಸಿರಸಂಗಿ ಸೀಮೆಯ ಸುಗ್ಗಿ

ಮಾಘ, ಫಾಲ್ಗುಣ ಈ ಎರಡು ತಿಂಗಳು ಸಿರಸಂಗಿ ಸೀಮೆಯ ಒಕ್ಕಲು ಮನೆಗೆ ವರ್ಷದ ಫಲ ಕೈಗೆ ಬರುವ ಕಾಲ. ಅವರಾತ್ರಿ ಅಮಾವಾಸ್ಯೆ ಕಳೆದ ಮೇಲೆ ಯುಗಾದಿ ಪಾಡ್ಯದವರೆಗೆ ಕಡಲೆ, ಕುಸುಬಿ, ಬಿಳಿಜೋಳ, ಗೋಧಿ, ಹತ್ತಿ ಒಂದರ ಬೆನ್ನಿಗೆ ಒಂದು ಬರುತ್ತವೆ. ಹನ್ನೆರಡು ಹದಿನಾಲ್ಕು ಜನರಿರುವ ಮನೆ, ಐದು ಎಕರೆ ಎರೆ ಹೊಲ, ಒಂದು ಜೋಡಿ ಎತ್ತು, ಒಂದು ಎಮ್ಮೆ ಇರುವ ಕಡೆ ವರ್ಷದ ಹತ್ತು ತಿಂಗಳು ಜನ ಹೆಚ್ಚು, ಹೊಲ ಕಡಿಮೆ. ಸುಗ್ಗಿಯ ಎರಡು ತಿಂಗಳು ಮಾತ್ರ ಅದೇ ಹೊಲಕ್ಕೆ ಮನೆಯ ಕೈಗಳೆಲ್ಲ ಸೇರಿದರೂ ಸಾಲವು. ಸಣ್ಣ ಹಿಡುವಳಿಯ ಮೇಲೆ ದೊಡ್ಡ ಕುಟುಂಬ ತಲೆತಲಾಂತರ ಒಂದೇ ಒಲೆಯಲ್ಲಿ ಉಂಡದ್ದಕ್ಕೆ ರಕ್ತಸಂಬಂಧದಷ್ಟೇ ಈ ಎರಡು ತಿಂಗಳ ದುಡಿಮೆಯ ಲೆಕ್ಕವೂ ಕಾರಣ.

ಸಿರಸಂಗಿ ಬೆಳಗಾವಿ ಜಿಲ್ಲೆಯ ಸವದತ್ತಿ ಭಾಗದ ಊರು. ಕಾಳಮ್ಮನ ಗುಡಿಯಿಂದಲೂ ತ್ಯಾಗವೀರ ಲಿಂಗರಾಜ ದೇಸಾಯರಿಂದಲೂ ಹೆಸರಾದದ್ದು. ಪಶ್ಚಿಮದ ಕಿತ್ತೂರು, ಖಾನಾಪುರದ ಕಡೆ ಸುರಿಯುವ ಮಳೆ ಇಲ್ಲಿಗೆ ಬರುವಷ್ಟರಲ್ಲಿ ಬಹಳ ಸೊರಗಿರುತ್ತದೆ. ವರ್ಷದ ಮಳೆ ಹೆಚ್ಚಿನ ಊರುಗಳಲ್ಲಿ 600 ಮಿಲಿಮೀಟರಿನ ಆಸುಪಾಸು. ಅದರಲ್ಲಿ ನೆಚ್ಚಬಹುದಾದ ಪಾಲು ಬೀಳುವುದು ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ. ಎರೆ ಮಣ್ಣು ಆ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಹಿಂಗಾರಿ ಬೆಳೆ ಬದುಕುವುದು ಈ ಸಂಗ್ರಹದ ಮೇಲೆ. ಬಿತ್ತನೆಯಾದ ಮೇಲೆ ಒಂದೆರಡು ಮಳೆ ಬಂದರೆ ಲಾಭ, ಬಾರದಿದ್ದರೆ ಚಳಿ ಮತ್ತು ಇಬ್ಬನಿಯಲ್ಲೇ ಬೆಳೆ ಕಾಳು ಕಟ್ಟಬೇಕು. ಮಾಘ ಮಾಸದ ಹೊತ್ತಿಗೆ ನೆಲ ಬಾಯಿ ಬಿಟ್ಟು ಬಿರುಕಾಗುತ್ತದೆ. ಬಿರುಕು ಬೇರನ್ನು ಹರಿಯುತ್ತದೆ, ಒಳಗಿನ ತೇವವನ್ನೂ ಹೊರಗೆ ಬಿಡುತ್ತದೆ. ಆದ್ದರಿಂದಲೇ ಒಕ್ಕಲಿಗ ಕಳೆ ಇರಲಿ ಬಿಡಲಿ, ಸಾಲಿನ ನಡುವೆ ಎಡೆ ಹೊಡೆದು ಬಿರುಕು ಮುಚ್ಚಿಸುತ್ತಾನೆ.

ಇಂಥ ಹೊಲದಲ್ಲಿ ಐದು ಎಕರೆ ಎಂದರೆ ಎಷ್ಟು ಎಂಬುದನ್ನು ರೊಟ್ಟಿಯಿಂದ ಅಳೆಯುವುದು ಲೇಸು. ಹದಿನಾಲ್ಕು ಜನರ ಮನೆಯಲ್ಲಿ ಮಕ್ಕಳು ಮುದುಕರನ್ನೂ ಸೇರಿಸಿ ದಿನಕ್ಕೆ ಸುಮಾರು ಐದು ಕಿಲೋ ಜೋಳ ಹಿಟ್ಟಾಗುತ್ತದೆ. ವರ್ಷಕ್ಕೆ ಹದಿನೆಂಟು ಕ್ವಿಂಟಾಲ್. ಬೀಗರು ಬಿಜ್ಜರು, ಜಾತ್ರೆ, ಬಾಣಂತನ, ದಾನ ಧರ್ಮ ಬೇರೆ. ಮಳೆಯನ್ನೇ ನಂಬಿದ ಹೊಲದಲ್ಲಿ ಬಿಳಿಜೋಳ ಎಕರೆಗೆ ನಾಲ್ಕೈದು ಕ್ವಿಂಟಾಲ್ ಬಂದರೆ ಒಳ್ಳೆಯ ಬೆಳೆ ಎಂದು ಹೇಳುವುದುಂಟು. ಹಾಗಾದರೆ ಉಣ್ಣುವುದಕ್ಕೇ ನಾಲ್ಕು ಎಕರೆ ಬೇಕು. ಅರಿವೆ, ಆಸ್ಪತ್ರೆ, ಸಾಲದ ಕಂತು, ಮದುವೆಯ ಖರ್ಚಿಗೆ ಉಳಿಯುವುದು ಒಂದೇ ಎಕರೆ. ಈ ಲೆಕ್ಕ ಯಾವ ವರ್ಷವೂ ಪೂರ್ತಿ ಸರಿಹೋಗುವುದಿಲ್ಲ. ಆದ್ದರಿಂದ ಮಳೆಗಾಲದ ಮೊದಲ ಭಾಗದಲ್ಲಿ ಒಂದಿಷ್ಟು ಹೆಸರು ಬೆಳೆದುಕೊಂಡು, ಎಮ್ಮೆಯ ಹಾಲು ಮಾರಿ, ಮನೆಯ ಒಬ್ಬಿಬ್ಬರು ಹುಬ್ಬಳ್ಳಿ, ಬೆಳಗಾವಿ, ಗೋವೆಯ ಕಡೆ ಕೂಲಿಗೆ ಹೋಗಿ ಕೊರತೆಯನ್ನು ತುಂಬುತ್ತಾರೆ. ಹಾಗೆ ಹೋದವರು ಸುಗ್ಗಿಗೆ ಮಾತ್ರ ಬಂದೇ ಬರಬೇಕು. ಬಾರದಿದ್ದರೆ ಅಣ್ಣತಮ್ಮಂದಿರ ನಡುವೆ ಮೊದಲ ಮಾತು ಹುಟ್ಟುವುದು ಅಲ್ಲಿಯೇ.

ದೊಡ್ಡ ಮನೆ ಎಂದರೆ ದೊಡ್ಡ ಆಸ್ತಿ ಎಂಬ ತಿಳಿವಳಿಕೆ ನಗರದವರಲ್ಲಿದೆ. ಧಾರವಾಡ ಜಿಲ್ಲೆಯ ಲೋಕೂರಿನ ನರಸಿಂಗನವರ ಮನೆತನದಂತೆ ನೂರಕ್ಕೂ ಹೆಚ್ಚು ಜನ ಒಟ್ಟಿಗಿದ್ದು ನಾಡಿನಾಚೆಗೂ ಹೆಸರಾದ ಕುಟುಂಬಗಳು ಇದಕ್ಕೆ ಕಾರಣವಿರಬಹುದು. ಅಲ್ಲಿ ಭೂಮಿಯೂ ದೊಡ್ಡದು. ಸವದತ್ತಿ, ರಾಮದುರ್ಗದ ಹಳ್ಳಿಗಳಲ್ಲಿ ಹೆಚ್ಚಾಗಿ ಕಾಣುವುದು ಬೇರೆಯದೇ ಚಿತ್ರ: ಅಜ್ಜ, ಅಜ್ಜಿ, ಅವರ ಮೂವರು ಗಂಡುಮಕ್ಕಳು, ಮೂವರು ಸೊಸೆಯಂದಿರು, ಐದಾರು ಮೊಮ್ಮಕ್ಕಳು, ಜೊತೆಗೆ ಹೆರಿಗೆಗೋ ಹಬ್ಬಕ್ಕೋ ಬಂದ ಮಗಳು. ಸರಕಾರಿ ಲೆಕ್ಕದಲ್ಲಿ ಐದು ಎಕರೆ, ಅಂದರೆ ಎರಡು ಹೆಕ್ಟೇರಿನ ಒಳಗಿದ್ದವರು ಸಣ್ಣ ರೈತರು. ಅದರ ಅರ್ಧದೊಳಗಿದ್ದವರು ಅತಿ ಸಣ್ಣ ರೈತರು. ಪಹಣಿಯಲ್ಲಿ ಅಜ್ಜನ ಹೆಸರೇ ಇದ್ದಾಗ ಮನೆ ಸಣ್ಣ ರೈತನದು. ಮೂವರೂ ಬೇರೆಯಾದ ಮರುದಿನ ಅದೇ ನೆಲದ ಮೇಲೆ ಮೂವರು ಅತಿ ಸಣ್ಣ ರೈತರು.

ಮನೆಯ ಆಡಳಿತ ಎರಡು ಕೈಯಲ್ಲಿ. ಯಾವ ಹೊಲಕ್ಕೆ ಏನು ಬಿತ್ತಬೇಕು, ಯಾವ ದಿನ ಕೀಳಬೇಕು, ಯಾವ ಪೇಟೆಗೆ ಹೊಡೆಯಬೇಕು ಎಂಬುದು ಯಜಮಾನನದು. ಕಾಳುಕಡಿ, ಹಾಲುಮೊಸರು, ಯಾವ ಸೊಸೆ ಹೊಲಕ್ಕೆ, ಯಾರು ಒಲೆಗೆ ಎಂಬ ತೀರ್ಮಾನ ಯಜಮಾನತಿಯದು. ಸುಗ್ಗಿಯಲ್ಲಿ ಎರಡನೆಯ ಆಡಳಿತವೇ ಹೆಚ್ಚು ಬಿಗಿ. ಹೊಲದ ತಪ್ಪು ವರ್ಷಕ್ಕೊಮ್ಮೆ ತಿಳಿಯುತ್ತದೆ, ಒಲೆಯ ತಪ್ಪು ಆ ಹೊತ್ತಿಗೇ ತಿಳಿಯುತ್ತದೆ.

ಐದು ಎಕರೆಯಲ್ಲಿ ಐದು ಬೆಳೆ ಹಾಕುವುದನ್ನು ಹಳೆಯ ಕಾಲದ ಚದುರಿದ ಒಕ್ಕಲುತನವೆಂದು ಟೀಕಿಸಿದವರುಂಟು. ಆ ಟೀಕೆ ಆಳಿನ ಲೆಕ್ಕವನ್ನು ಮರೆತದ್ದು. ಎಲ್ಲ ಹೊಲಕ್ಕೂ ಜೋಳವನ್ನೇ ಬಿತ್ತಿದರೆ ಅದೆಲ್ಲ ಒಂದೇ ವಾರದಲ್ಲಿ ಕೀಳಲು ಬರುತ್ತದೆ. ಕೂಲಿ ಕೊಟ್ಟು ಆಳು ಹಿಡಿಯದೆ ಗತಿಯಿಲ್ಲ. ಕಡಲೆ ಮೊದಲು, ಕುಸುಬಿ ಆಮೇಲೆ, ಜೋಳ ಅದರ ಮೇಲೆ, ಗೋಧಿ ಕೊನೆಗೆ, ಹತ್ತಿ ಇವೆಲ್ಲವುಗಳ ನಡುವೆ ಸರತಿ ಸರತಿಯಾಗಿ ಬಂದರೆ ಮನೆಯ ಎಂಟು ದುಡಿಯುವ ಕೈಗಳಿಗೆ ಎಂಟು ವಾರ ಬಿಡುವಿಲ್ಲದ ಕೆಲಸ. ಕೂಲಿಯ ದುಡ್ಡು ಮನೆಯ ಹೊಸಲು ದಾಟುವುದಿಲ್ಲ. ಒಂದು ಬೆಳೆ ಕೈಕೊಟ್ಟರೆ ಇನ್ನೊಂದು ಆದೀತೆಂಬ ಧೈರ್ಯವೂ ಇದರಲ್ಲಿದೆ.

ಕಡಲೆಯ ರುಚಿ ಮನೆಗೆ ಸುಗ್ಗಿಗಿಂತ ಮೊದಲೇ ಬಂದಿರುತ್ತದೆ. ಗಿಡ ಎಳೆಯದಿದ್ದಾಗ ಕುಡಿ ಚಿವುಟಿ ಕಡಲೆ ಪಲ್ಯ ಮಾಡುವುದು, ಚಿವುಟಿದಷ್ಟೂ ಗಿಡ ಕವಲೊಡೆಯುವುದು ಎರಡೂ ಒಂದೇ ಕೆಲಸ. ಕಾಯಿ ತುಂಬಿದ ಮೇಲೆ ಸುಲಗಾಯಿ. ಚಳಿಗಾಲದ ನಸುಕಿನಲ್ಲಿ ಗಿಡದ ಮೇಲೆ ತೆಳುವಾದ ಬಟ್ಟೆ ಎಳೆದು, ಇಬ್ಬನಿಯ ಜೊತೆ ಎಲೆಯ ಹುಳಿಯನ್ನು ಹೀರಿಸಿ, ಹಿಂಡಿ ಸೀಸೆಯಲ್ಲಿ ತುಂಬಿಡುವ ರೂಢಿ ಹಿಂದೆ ಬಹಳ ಮನೆಗಳಲ್ಲಿತ್ತು; ಹೊಟ್ಟೆನೋವಿಗೆ ಅದೇ ಮದ್ದು. ಆ ಹುಳಿಗೆ ಕಾರಣ ಎಲೆಯ ಕೂದಲುಗಳು ಸ್ರವಿಸುವ ಮ್ಯಾಲಿಕ್ ಮತ್ತು ಆಕ್ಸಾಲಿಕ್ ಆಮ್ಲಗಳು. ಅದೇ ಆಮ್ಲ ಕಡಲೆ ಕೀಳುವವರ ಅಂಗೈ ಸುಡುತ್ತದೆ. ಗಿಡ ಒಣಗಿದ ಮೇಲೆ ಬಿಸಿಲಿನಲ್ಲಿ ಮುಟ್ಟಿದರೆ ಕಾಯಿ ಉದುರುವ ಭಯ. ಆದ್ದರಿಂದ ಕಡಲೆ ಕೀಳುವುದು ಬೆಳಕು ಹರಿಯುವ ಮೊದಲು, ತಂಪಿರುವಾಗಲೇ. ಹೊತ್ತು ಏರುವಷ್ಟರಲ್ಲಿ ಸಾಲು ಮುಗಿಸಿ ಗುಂಪೆ ಹಾಕಿ ಬರುತ್ತಾರೆ. ಈ ಭಾಗದಲ್ಲಿ ಬಹುಕಾಲ ಬಿತ್ತಿದ ತಳಿ ಅಣ್ಣಿಗೇರಿ-1. ಅಣ್ಣಿಗೇರಿಯ ಸಂಶೋಧನಾ ಕೇಂದ್ರದ ಹೆಸರನ್ನೇ ಹೊತ್ತದ್ದು. ಈಚೆಗೆ ಜೆಜಿ-11ರಂಥ ತಳಿಗಳು ಅದರ ಜಾಗವನ್ನು ಬಹುಮಟ್ಟಿಗೆ ಹಿಡಿದಿವೆ.

ಕುಸುಬಿಗೆ ಹೊಲದಲ್ಲಿ ಬೇರೆಯೇ ಪಾತ್ರ. ಇಡೀ ಹೊಲಕ್ಕೆ ಅದನ್ನು ಬಿತ್ತುವವರು ಕಡಿಮೆ. ಜೋಳದ ನಡುವೆ ಅಕ್ಕಡಿ ಸಾಲಾಗಿ, ಇಲ್ಲವೆ ಹೊಲದ ಅಂಚಿಗೆ ಬಿತ್ತುತ್ತಾರೆ. ಮೈಯೆಲ್ಲ ಮುಳ್ಳಾದ್ದರಿಂದ ದನಕರು ಹೊಲಕ್ಕೆ ನುಗ್ಗುವುದಿಲ್ಲ. ಬೇಲಿಯ ಖರ್ಚಿಲ್ಲದ ಬೇಲಿ ಅದು. ಹಿಂದೆ ಒಗ್ಗರಣೆಯ ಎಣ್ಣೆಯೂ ಅದರಿಂದಲೇ. ಕೊಯ್ಯುವಾಗ ಮಾತ್ರ ಮುಳ್ಳು ಸೇಡು ತೀರಿಸಿಕೊಳ್ಳುತ್ತದೆ. ಕೈಗೆ ಕಾಲಿಗೆ ಅರಿವೆ ಸುತ್ತಿಕೊಂಡು, ಇಬ್ಬನಿಯಲ್ಲಿ ಮುಳ್ಳು ಮೆತ್ತಗಿರುವಾಗ ಕೊಯ್ದು ಒಟ್ಟುತ್ತಾರೆ. ಬಯಲುಸೀಮೆಯ ಅಡುಗೆಮನೆಗಳಿಂದ ಕುಸುಬಿ ಎಣ್ಣೆ ಹಿಂದೆ ಸರಿದದ್ದಕ್ಕೆ ಪೇಟೆಯ ಅಗ್ಗದ ಎಣ್ಣೆ ಎಷ್ಟು ಕಾರಣವೋ, ಈ ಮುಳ್ಳಿಗೆ ಆಳು ಸಿಗದೆ ಹೋದದ್ದೂ ಅಷ್ಟೇ ಕಾರಣ.

ಬಿಳಿಜೋಳವೇ ಮನೆಯ ಬೆನ್ನೆಲುಬು. ಸೆಪ್ಟೆಂಬರ್ ಕೊನೆಗೋ ಅಕ್ಟೋಬರಿನಲ್ಲೋ ಬಿತ್ತಿದ ಮಾಲದಂಡಿ, ಕಾಗದದ ಮೇಲೆ ಎಂ-35-1, ಸುಮಾರು ನಾಲ್ಕು ತಿಂಗಳಿಗೆ ಮಾಗುತ್ತದೆ. ಸೊಲ್ಲಾಪುರ ಕಡೆಯಿಂದ ಬಂದ ಈ ತಳಿ ಎಂಟು ದಶಕಗಳಿಗೂ ಹೆಚ್ಚು ಕಾಲ ಉಳಿದದ್ದು ಇಳುವರಿಯಿಂದಲ್ಲ. ಅದರ ರೊಟ್ಟಿಗೆ ರುಚಿಯಿದೆ, ಅದರ ಕಣಿಕೆಯನ್ನು ಎತ್ತು ಬಿಡದೆ ತಿನ್ನುತ್ತದೆ. ತೆನೆ ಹಾಲುಗಾಳಾದಾಗಿನಿಂದ ಹಕ್ಕಿ ಕಾಯುವ ಕೆಲಸ ಮನೆಯ ಮುದುಕರಿಗೂ ಮಕ್ಕಳಿಗೂ ಬೀಳುತ್ತದೆ. ಹೊಲದ ನಡುವೆ ಅಟ್ಟ, ಕೈಯಲ್ಲಿ ಕವಣೆ, ಇಲ್ಲವೆ ಬಡಿಯಲು ಒಂದು ತಗಡಿನ ಡಬ್ಬಿ. ಎಳೆಯ ತೆನೆಯನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು ಬಡಿದು ತೆಗೆದ ಸೀತನಿಯನ್ನು ಬೆಲ್ಲ, ಶೇಂಗಾ ಚಟ್ನಿಯೊಂದಿಗೆ ತಿನ್ನುವುದು ಈ ಕಾವಲಿಗೆ ಸಿಗುವ ಕೂಲಿ. ಅದಕ್ಕೆ ಬೀಗರನ್ನು ಕರೆಯುವುದೂ ಉಂಟು.

ತೆನೆ ಬಲಿತ ಮೇಲೆ ಜೋಳವನ್ನು ಕುಡುಗೋಲಿನಿಂದ ಕೊಯ್ಯುವುದಕ್ಕಿಂತ ಬೇರುಸಹಿತ ಕೀಳುವುದು ಈ ಸೀಮೆಯ ಪದ್ಧತಿ. ದಂಟಿನ ಬುಡವೂ ದನದ ಮೇವಿಗೆ ಸಿಗುತ್ತದೆ, ಹೊಲದಲ್ಲಿ ಮೋಟು ಉಳಿಯುವುದಿಲ್ಲ. ಬೆನ್ನು ಬಗ್ಗಿಸಿ, ಎರಡೂ ಕೈಯಿಂದ ಹಿಡಿದು, ಒದ್ದು ಮಣ್ಣು ಕೊಡವಿ ಹಾಕುವ ಈ ಕೆಲಸ ಸುಗ್ಗಿಯಲ್ಲೇ ಎಲ್ಲಕ್ಕಿಂತ ಕಠಿಣವಾದದ್ದು. ಎಕರೆಗೆ ಎಂಟು ಹತ್ತು ಆಳಿನ ಒಂದು ದಿನದ ದುಡಿಮೆ. ಗಂಡಸರು ಕೀಳುತ್ತ ಮುಂದೆ ಸಾಗಿದರೆ ಹೆಂಗಸರು ಹಿಂದಿನಿಂದ ಸಿವುಡು ಕಟ್ಟುತ್ತ ಬರುತ್ತಾರೆ. ಸಿವುಡುಗಳನ್ನು ನಾಲ್ಕಾರು ದಿನ ಒಣಗಲು ಬಿಟ್ಟು ಆಮೇಲೆ ತೆನೆ ಮುರಿದು ಕಣಕ್ಕೆ ಸಾಗಿಸಬೇಕು. ಈ ನಡುವೆ ಆಕಾಶ ಮೋಡ ಕಟ್ಟಿದರೆ ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲ. ಒಂದು ಅಡ್ಡಮಳೆ ಬಿದ್ದರೆ ಮುತ್ತಿನಂಥ ಕಾಳು ಕಪ್ಪಾಗಿ ಪೇಟೆಯಲ್ಲಿ ಅರ್ಧ ಬೆಲೆಗೂ ಹೋಗುವುದಿಲ್ಲ.

ಮನೆಯ ಆಳು ಸಾಲದಾದಾಗ ಮುಯ್ಯಾಳು. ಇಂದು ನಾಲ್ವರು ಇವರ ಹೊಲಕ್ಕೆ ಬಂದರೆ ನಾಳೆ ಇವರಲ್ಲಿ ನಾಲ್ವರು ಅವರ ಹೊಲಕ್ಕೆ. ದುಡ್ಡಿನ ಮಾತಿಲ್ಲ, ಊಟ ಮಾತ್ರ ಹೊಲದವರದು. ಮುಯ್ಯಿ ತೀರಿಸುವ ಶಕ್ತಿ ಇರುವುದು ಕೈ ಹೆಚ್ಚಿರುವ ಮನೆಗೆ. ಗಂಡ ಹೆಂಡತಿ ಇಬ್ಬರೇ ಇರುವ ಮನೆ ನಾಲ್ಕಾಳು ಕರೆದರೆ ಅದನ್ನು ತೀರಿಸಲು ಎರಡು ದಿನ ತನ್ನ ಹೊಲ ಬಿಡಬೇಕು. ಆ ಎರಡು ದಿನದಲ್ಲಿ ಕಡಲೆ ಉದುರಿಹೋಗಿರುತ್ತದೆ. ದೊಡ್ಡ ಮನೆಯ ಹುಡುಗನಿಗೆ ಹೆಣ್ಣು ಕೊಡಲು ಹಿಂದಿನವರು ಮುಂದೆ ಬರುತ್ತಿದ್ದುದರ ಹಿಂದೆ ಇಂಥ ವಿವೇಚನೆಯೂ ಇತ್ತು.

ಸುಗ್ಗಿಯ ದಿನ ಆರಂಭವಾಗುವುದು ಒಲೆಯಿಂದ. ನಸುಕಿನ ನಾಲ್ಕಕ್ಕೆ ಇಬ್ಬರು ನೆಗೆಣ್ಣಿಯರು ಎದ್ದು ಒಬ್ಬಳು ರೊಟ್ಟಿ ಬಡಿಯಲು, ಒಬ್ಬಳು ಬೇಯಿಸಲು ಕೂಡುತ್ತಾರೆ. ಮೂರನೆಯವಳು ನೀರು, ಸಗಣಿ, ಎಮ್ಮೆ ಹಿಂಡುವ ಕೆಲಸಕ್ಕೆ. ಸುಗ್ಗಿಯಲ್ಲಿ ಹೊಲಕ್ಕೆ ಹೋಗುವ ಗಂಡಾಳಿಗೆ ಹೊತ್ತಿಗೆ ಮೂರು ನಾಲ್ಕು ರೊಟ್ಟಿ ಬೇಕು, ಹೆಣ್ಣಾಳಿಗೆ ಎರಡು ಮೂರು. ಹದಿನಾಲ್ಕು ಜನಕ್ಕೆ ದಿನಕ್ಕೆ ಎಪ್ಪತ್ತು ಎಂಬತ್ತು ರೊಟ್ಟಿ ಎಂದರೆ ಹೆಚ್ಚಲ್ಲ. ಬೆಳಗಿನ ಬುಟ್ಟಿಯಲ್ಲಿ ಬಿಸಿ ರೊಟ್ಟಿ, ಝುಣಕ, ಗುರೆಳ್ಳು ಹಿಂಡಿ, ಮೊಸರು, ಉಳ್ಳಾಗಡ್ಡಿ. ಬದನೆಕಾಯಿ ಎಣ್ಣೆಗಾಯಿ ಇದ್ದ ದಿನ ಊಟ ತುಸು ತಡವಾದರೂ ಯಾರೂ ದೂರುವುದಿಲ್ಲ. ಹೊತ್ತಿಗೆ ಸರಿಯಾಗಿ ಬುತ್ತಿ ಹೊಲ ಮುಟ್ಟಬೇಕು. ಬುತ್ತಿ ಹೊತ್ತು ಹೋದವಳು ಅಲ್ಲೇ ಕೆಲಸಕ್ಕೆ ನಿಂತು ಸಂಜೆ ತಲೆಯ ಮೇಲೆ ಮೇವಿನ ಹೊರೆಯೊಂದಿಗೆ ಮರಳುತ್ತಾಳೆ. ಗಂಡಸಿನ ಕೆಲಸ ಹೊತ್ತು ಮುಳುಗಿದರೆ ಮುಗಿಯಿತು. ಹೆಂಗಸಿಗೆ ಹೊಲದ ಪಾಳಿಯ ಹಿಂದೊಂದು ಮುಂದೊಂದು ಮನೆಯ ಪಾಳಿ. ಒಟ್ಟು ಕುಟುಂಬದ ಗುಣಗಾನ ಮಾಡುವ ಬರಹಗಳು ಈ ಲೆಕ್ಕವನ್ನು ಸಾಮಾನ್ಯವಾಗಿ ಹೇಳುವುದಿಲ್ಲ. ಮನೆ ಒಡೆದಾಗ ಬಯ್ಗುಳ ಬೀಳುವುದೂ ಸೊಸೆಯಂದಿರ ಮೇಲೆಯೇ.

ಹತ್ತಿ ಬಿಡಿಸುವುದು ಬಹುಪಾಲು ಹೆಂಗಸರ, ಮಕ್ಕಳ ಕೆಲಸ. ಜಯಧರ್ ಎಂಬ ನಾಟಿ ಹತ್ತಿ ಎರೆ ಹೊಲಗಳನ್ನು ಆಳುತ್ತಿದ್ದ ಕಾಲದಲ್ಲಿ ಬಿಡಿಸುವುದು ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಸರತಿ ಸರತಿಯಾಗಿ ನಡೆಯುತ್ತಿತ್ತು. 1972ರಲ್ಲಿ ಧಾರವಾಡದಿಂದ ವರಲಕ್ಷ್ಮಿ ಎಂಬ ಸಂಕರ ತಳಿ ಹೊರಬಂತು, 1981ರಲ್ಲಿ ಡಿಸಿಎಚ್-32 ಅಥವಾ ಜಯಲಕ್ಷ್ಮಿ. 2002ರಲ್ಲಿ ಬಿಟಿ ಹತ್ತಿಗೆ ಅನುಮತಿ ಸಿಕ್ಕ ಮೇಲೆ ಹತ್ತಿಯ ದಿನಮಾನವೇ ಬದಲಾಗಿ, ಬಿಡಿಸುವ ಕಾಲ ಹಿಂದಕ್ಕೆ ಸರಿಯಿತು. ಬೀಜ, ಗೊಬ್ಬರ, ಔಷಧಿಗೆ ಮುಂಗಡ ಸಾಲ ಬೇಕಾಯಿತು. ಹಳೆಯ ಹತ್ತಿಗೆ ಬೇಕಾದದ್ದು ಕೈ, ಹೊಸ ಹತ್ತಿಗೆ ಬೇಕಾದದ್ದು ದುಡ್ಡು.

ಗೋಧಿಯ ಪಾಲು ಚಿಕ್ಕದು, ಗೌರವ ದೊಡ್ಡದು. ಜವೆ ಗೋಧಿ ಶ್ಯಾವಿಗೆಗೆ, ಸದಕ ಗೋಧಿ ಹುಗ್ಗಿಗೆ, ಮಾದಲಿಗೆ. ಮೇಲಿನ ಸಿಪ್ಪೆ ಬಿಡಿಸಲು ಕುಟ್ಟಲೇಬೇಕಾದ ಸದಕವನ್ನು ಬೆಳಗಾವಿ ಜಿಲ್ಲೆ ಇನ್ನೂ ಬಿಟ್ಟಿಲ್ಲ. ಅರ್ಧ ಎಕರೆಗೂ ಕಡಿಮೆ ಬಿತ್ತಿದರೂ ಹಬ್ಬದ ಗೋಧಿಯನ್ನು ಪೇಟೆಯಿಂದ ತರಬಾರದೆಂಬ ಅಭಿಮಾನ ಹಳೆಯ ಮನೆಗಳಲ್ಲಿದೆ.

ಬೆಳೆಯೆಲ್ಲ ಕೂಡುವ ಜಾಗ ಕಣ. ಹೊಲದಲ್ಲೇ ಗಟ್ಟಿ ನೆಲ ನೋಡಿ, ಕೆತ್ತಿ, ನೀರು ಹೊಡೆದು, ಬಡಿದು, ಸಗಣಿಯಿಂದ ಸಾರಿಸಿ, ನಡುವೆ ಮೇಟಿ ನಿಲ್ಲಿಸುತ್ತಿದ್ದರು. ತೆನೆಯನ್ನು ಸುತ್ತ ಹರಡಿ ಮೇಟಿಗೆ ಕಟ್ಟಿದ ಎತ್ತುಗಳನ್ನು ತುಳಿಸುವುದು ಹಂತಿ. ಎತ್ತಿನ ಹಿಂದೆ ನಡೆಯುವವನಿಗೆ ನಿದ್ದೆ ಬಾರದಂತೆ ಹಂತಿಯ ಹಾಡು ರಾತ್ರಿಯಿಡೀ ಸಾಗುತ್ತಿತ್ತು. ಉತ್ತರ ಕರ್ನಾಟಕದ ಜನಪದ ಸಾಹಿತ್ಯದ ದೊಡ್ಡ ಪಾಲು ಹೀಗೆ ಕಣದಲ್ಲೇ ಉಳಿದು ಬಂದದ್ದು. ಆಮೇಲೆ ಕಲ್ಲಿನ ಉರುಳು ಬಂತು, ಅದರ ಹಿಂದೆ ಟ್ರ್ಯಾಕ್ಟರ್, ಈಗ ರಾಶಿ ಮಷಿನ್. ತೂರುವುದಕ್ಕೆ ಗಾಳಿ ಕಾಯಬೇಕಿತ್ತು. ಎತ್ತರದ ಮೂರುಗಾಲಿನ ಮಣೆಯ ಮೇಲೆ ನಿಂತವನ ಕೈಗೆ ಮೊರ ತುಂಬಿ ತುಂಬಿ ಕೊಡುವವರು ಇಬ್ಬರು, ಕೆಳಗೆ ಹೊಟ್ಟು ಬಳಿಯುವವರು ಇಬ್ಬರು. ಗಾಳಿ ನಡುರಾತ್ರಿ ಎದ್ದರೆ ನಡುರಾತ್ರಿಯೇ ಮನೆಯವರೆಲ್ಲ ಏಳಬೇಕು. ಕೂಲಿಯಾಳನ್ನು ಆ ಹೊತ್ತಿಗೆ ಎಬ್ಬಿಸಿ ತರುವುದು ಸಾಧ್ಯವಿಲ್ಲದ ಮಾತು. ಒಟ್ಟು ಕುಟುಂಬದ ಬಲ ಎಲ್ಲಿ ಕಾಣುತ್ತದೆಂದು ಕೇಳಿದರೆ ಈ ಒಂದು ಕೆಲಸವನ್ನು ತೋರಿಸಿದರೆ ಸಾಕು.

ರಾಶಿ ಕೂಡಿದ ಮೇಲೆ ಪೂಜೆ. ಅಳೆಯುವಾಗ ಮೊದಲ ಅಳತೆಗೆ ಒಂದು ಎನ್ನದೆ ‘ಲಾಭ’ ಎಂದು ಎಣಿಕೆ ಆರಂಭಿಸುತ್ತಾರೆ. ಗದ್ದಲ ಮಾಡಬಾರದು, ಕಾಲಲ್ಲಿ ಕೆರ ಇರಬಾರದು. ಮನೆಗೆ ಹೋಗುವ ಮೊದಲೇ ಕಣದಲ್ಲಿ ಆಯಗಾರರ ಪಾಲು ತೆಗೆಯುವುದು ಹಿಂದಿನ ಕಟ್ಟಳೆ: ಕೂರಿಗೆ, ಕುಂಟೆ ಮಾಡಿಕೊಟ್ಟ ಬಡಿಗ, ಕುಳ ಹಣಿದ ಕಮ್ಮಾರ, ಮಿಣಿ ಬಾರುಕೋಲು ಕೊಟ್ಟವರು, ಅಗಸ, ಹಡಪದ, ತಳವಾರ ಎಲ್ಲರಿಗೂ ಇಷ್ಟಿಷ್ಟು. ವರ್ಷದ ದುಡಿಮೆಗೆ ವರ್ಷಕ್ಕೊಮ್ಮೆ ಕಾಳಿನ ಕೂಲಿ. ಈಗ ಬಹಳ ಕಡೆ ಇದು ದುಡ್ಡಿಗೆ ತಿರುಗಿದೆ. ಬರಗಾಲದಲ್ಲಿ ಆಯಗಾರನ ಪಾಲೂ ಒಣಗುತ್ತಿತ್ತೆಂಬುದನ್ನು ಮರೆತು ಆ ಪದ್ಧತಿಯನ್ನು ಹೊಗಳುವುದು ನ್ಯಾಯವಲ್ಲ. ಜೋಳ ಮನೆಗೆ ಬಂದ ಮೇಲೆ ಹಿಂದೆ ಹಗೇವಿಗೆ ಇಳಿಯುತ್ತಿತ್ತು. ನೆಲದಡಿಯ ಆ ಹಗೇವು ಈಗ ಹೆಚ್ಚಿನ ಊರುಗಳಲ್ಲಿ ಮುಚ್ಚಿಹೋಗಿ, ಚೀಲಗಳ ಥಪ್ಪಿಗೆ ಪಡಸಾಲೆಯಲ್ಲಿ ಜಾಗ ಸಿಕ್ಕಿದೆ.

ಈ ದುಡಿಮೆಯ ನಡುವೆಯೇ ಹಬ್ಬಗಳು ಬರುತ್ತವೆ, ಅವೂ ಬೆಳೆಯ ಲೆಕ್ಕ ಹಿಡಿದೇ. ಮಾಘದ ಭಾರತ ಹುಣ್ಣಿಮೆಗೆ ಸವದತ್ತಿಯ ಎಲ್ಲಮ್ಮನ ಗುಡ್ಡ. ಕಡಲೆ ಕಿತ್ತು ಜೋಳ ಕೀಳುವ ನಡುವಿನ ಬಿಡುವು ಅದು. ಮನೆಮಂದಿಯೆಲ್ಲ ಚಕ್ಕಡಿ ಹೂಡಿಕೊಂಡು ಹೋಗಿ, ಗುಡ್ಡದಲ್ಲೇ ಒಲೆ ಹೂಡಿ, ಹೋಳಿಗೆ, ಕಡುಬು, ಬದನೆಕಾಯಿ ಪಲ್ಯ ಮಾಡಿ ಪಡಲಗಿ ತುಂಬಿಸಿ ಬರುತ್ತಾರೆ. ಮನೆ ಕಾಯಲು ಒಬ್ಬರು ಉಳಿಯಲೇಬೇಕು. ಯಾರು ಎಂಬುದು ದೊಡ್ಡ ಮನೆಯ ಹಳೆಯ ಜಗಳಗಳಲ್ಲೊಂದು. ಶಿವರಾತ್ರಿಗೆ ಚಳಿ ಶಿವ ಶಿವಾ ಎಂದು ಹೊರಡುತ್ತದೆ. ಆಮೇಲೆ ಹೋಳಿ ಹುಣ್ಣಿಮೆ. ಹಲಗೆ ಬಡಿಯುತ್ತ ಹುಡುಗರು ಕುಳ್ಳು ಕಟ್ಟಿಗೆ ಕದ್ದು ಕಾಮನನ್ನು ಸುಡುತ್ತಾರೆ. ಆ ಕೆಂಡವನ್ನು ಮನೆಗೆ ತಂದು ಹೊಸ ಕಡಲೆ ಸುಟ್ಟು ತಿನ್ನುವುದು ರೂಢಿ. ಬಣ್ಣಕ್ಕೆ ಮಡ್ಡಿಯ ಮುತ್ತಲದ ಹೂವು ಸಾಕಾಗುತ್ತಿತ್ತು.

ಮಕ್ಕಳಿಗೆ ಈ ಎರಡು ತಿಂಗಳು ಇಕ್ಕಟ್ಟಿನವು. ಶಾಲೆಯ ವಾರ್ಷಿಕ ಪರೀಕ್ಷೆಗಳು, ಹತ್ತನೆಯ ಇಯತ್ತೆ, ಪಿಯುಸಿ ಎಲ್ಲವೂ ಸುಗ್ಗಿಯ ಮೇಲೇ ಬಂದು ಬೀಳುತ್ತವೆ. ಹಾಳೆಯ ಮೇಲೆ ಗಣಿತ, ಹೊಲದಲ್ಲಿ ಹತ್ತಿ. ಕೈ ಹೆಚ್ಚಿರುವ ಮನೆಯಲ್ಲಿ ಓದುವ ಹುಡುಗಿಯೊಬ್ಬಳನ್ನು ಹೊಲದಿಂದ ಬಿಡಿಸಿ ಕೂರಿಸುವುದು ಸಾಧ್ಯ. ಕೈ ಕಡಿಮೆ ಇರುವಲ್ಲಿ ಪರೀಕ್ಷೆಗೂ ಹಾಜರಾಗದ ಮಕ್ಕಳುಂಟು. ಓದಿನ ಮಾತು ಬಂದಾಗ ಸಿರಸಂಗಿಯಲ್ಲಿ ಒಂದು ಹೆಸರನ್ನು ಬಿಡುವಂತಿಲ್ಲ. 1861ರಲ್ಲಿ ಶಿಗ್ಲಿಯಲ್ಲಿ ಹುಟ್ಟಿ, ಸಿರಸಂಗಿ ದೇಸಗತಿಗೆ ದತ್ತಕ ಬಂದ ಲಿಂಗರಾಜರು 1906ರಲ್ಲಿ ತೀರಿಕೊಳ್ಳುವ ಮೊದಲು ತಮ್ಮ ಆಸ್ತಿಯನ್ನು ವಿದ್ಯೆಗೆಂದು ಬರೆದಿಟ್ಟರು. ನವಲಗುಂದ–ಸಿರಸಂಗಿ ಟ್ರಸ್ಟಿನ ನೆರವಿನಿಂದ ಓದಿದವರು ಅನೇಕರು. 1916ರಲ್ಲಿ ಆರಂಭವಾದ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆ, ಅಂದರೆ ಕೆಎಲ್ಇ, 1933ರಲ್ಲಿ ಬೆಳಗಾವಿಯಲ್ಲಿ ತೆರೆದ ಕಾಲೇಜಿಗೆ ಅವರ ಹೆಸರನ್ನೇ ಇಟ್ಟಿತು. ಆ ದೇಸಗತಿಯ ಸಂಪತ್ತು ಬಂದದ್ದು ಇಂಥ ಎರೆ ಹೊಲಗಳ ಸುಗ್ಗಿಯಿಂದಲೇ. ಉತ್ತವರ ಕಾಳು ಉತ್ತವರ ಮಕ್ಕಳ ಪಾಟಿಯಾಗಿ ಮರಳಿದ್ದು ನಮ್ಮ ನಾಡಿನ ವಿರಳ ಘಟನೆಗಳಲ್ಲೊಂದು.

ಕಣ ಬರಿದಾದ ಮೇಲೆ ಕೆಲಸ ಮುಗಿಯುವುದಿಲ್ಲ. ಕಣಿಕೆಯನ್ನು ಬಣವಿ ಒಟ್ಟಬೇಕು. ಮಳೆ ಒಳಗಿಳಿಯದಂತೆ ತುದಿ ಕಟ್ಟುವ ಕೈಚಳಕ ಮನೆಯಲ್ಲಿ ಒಬ್ಬನಿಗಾದರೂ ಇರಬೇಕು. ಮುಂದಿನ ಮಳೆಗಾಲದವರೆಗೆ ಎತ್ತು ಎಮ್ಮೆಗೆ ಅದೇ ಆಧಾರ. ಬರಿದಾದ ಹೊಲದಲ್ಲಿ ಕುರಿಗಾರರು ರಾತ್ರಿ ಕುರಿ ನಿಲ್ಲಿಸುತ್ತಾರೆ. ಹಿಕ್ಕೆ, ಮೂತ್ರ ಹೊಲಕ್ಕೆ. ಕಾಳು ಅಥವಾ ದುಡ್ಡು ಕುರಿಗಾರರಿಗೆ. ಮನೆಯಲ್ಲಿ ಹೆಂಗಸರು ಬ್ಯಾಡಗಿ ಮೆಣಸಿನಕಾಯಿ ಒಣಗಿಸಿ ವರ್ಷದ ಖಾರ ಕುಟ್ಟುತ್ತಾರೆ, ಹುಣಸೆ ಜಜ್ಜುತ್ತಾರೆ, ಹಪ್ಪಳ, ಸಂಡಿಗೆ, ಕುರುಡಿಗೆ ಹಾಕುತ್ತಾರೆ. ಶ್ಯಾವಿಗೆ ಮಣೆಯ ಮೇಲೆ ಎಳೆ ತೆಗೆಯುವುದು ಒಬ್ಬಳ ಕೆಲಸವಲ್ಲ: ನಾದುವವಳು, ಹೊಸೆಯುವವಳು, ಎಳೆ ಹಿಡಿದು ಕೋಲಿಗೆ ಹಾಕುವವಳು. ಇಲ್ಲಿಯೂ ಮುಯ್ಯಿ ನಡೆಯುತ್ತದೆ.

ಫಾಲ್ಗುಣದ ಅಮಾವಾಸ್ಯೆ, ಚೈತ್ರದ ಪಾಡ್ಯ ಬರುವಷ್ಟರಲ್ಲಿ ಹೊಲವೆಲ್ಲ ಖಾಲಿ. ಸಿರಸಂಗಿಯ ಕಾಳಮ್ಮನ ಜಾತ್ರೆ ಈ ಹೊತ್ತಿನದು. ನಾಡಿನ ವಿಶ್ವಕರ್ಮರಿಗೆಲ್ಲ ಇದು ದೊಡ್ಡ ಕ್ಷೇತ್ರ. ಸುತ್ತಲಿನ ಒಕ್ಕಲಿಗರು ಹೊಸ ಗೋಧಿಯನ್ನು ದೇವಿಗೆ ಅರ್ಪಿಸುತ್ತಾರೆ. ಕೂರಿಗೆ ಕೆತ್ತಿದವರ ದೇವಿಗೆ ಕೂರಿಗೆಯಿಂದ ಬಿತ್ತಿದವರ ಮೊದಲ ಕಾಳು ಸಲ್ಲುವುದು ಸಹಜವಾಗಿಯೇ ಇದೆ. ಮನೆಯಲ್ಲಿ ಬೇವು, ಹೋಳಿಗೆ, ಕಟ್ಟಿನ ಸಾರು. ಬೇವಿನ ಹೂ, ಬೆಲ್ಲ, ಹುಣಸೆ, ಪುಟಾಣಿ ಹಿಟ್ಟು ಸೇರಿಸಿ ನೀರಾಗಿಸಿದ ಬೇವನ್ನು ಈ ಸೀಮೆಯಲ್ಲಿ ಕುಡಿಯುತ್ತಾರೆ.

ಯುಗಾದಿ ಲೆಕ್ಕದ ದಿನವೂ ಹೌ­ದು. ಹೊಲದ ಲಾವಣಿ, ಕೋರು, ಸಂಬಳದಾಳಿನ ಕರಾರು ಎಲ್ಲವೂ ಯುಗಾದಿಯಿಂದ ಯುಗಾದಿಗೆ. ಕಾಕಾನ ಸಾಲ ಎಷ್ಟು, ತಮ್ಮ ಗೋವೆಯಿಂದ ತಂದದ್ದೆಷ್ಟು, ತಂಗಿಯ ಮದುವೆ ಈ ವರ್ಷವೋ ಮುಂದಿನ ವರ್ಷವೋ ಎಂಬ ಮಾತುಗಳು ಪಡಸಾಲೆಯಲ್ಲಿ ಎದ್ದು ಕೂಡುವುದು ಈಗ. ಕರ್ನಾಟಕದಲ್ಲಿ 1994ರ ತಿದ್ದುಪಡಿಯಿಂದ, ದೇಶದಾದ್ಯಂತ 2005ರ ಕಾಯಿದೆಯಿಂದ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲಿನ ಹಕ್ಕಿದೆ. ಆದರೆ ಹಳ್ಳಿಯ ಪಡಸಾಲೆಯಲ್ಲಿ ಆ ಮಾತು ಇನ್ನೂ ಮೆತ್ತಗೆ ಬರುತ್ತದೆ, ಬಹಳ ಸಲ ಹಕ್ಕುಬಿಡುವ ಕಾಗದದ ಮೇಲಿನ ಸಹಿಯಲ್ಲಿ ಮುಗಿಯುತ್ತದೆ.

ಒಟ್ಟಿಗಿರಬೇಕಾದ ಕಾರಣಗಳು ಒಂದೊಂದಾಗಿ ಸಡಿಲವಾದದ್ದು ಈಚಿನ ಕಾಲದಲ್ಲಿ. ರಾಶಿ ಮಷಿನ್ ಒಂದು ಹಗಲಿನಲ್ಲಿ ಮುಗಿಸುವ ಕೆಲಸಕ್ಕೆ ಹತ್ತು ಕೈ ಬೇಡ. ಕಡಲೆಯನ್ನೂ ಕೊಯ್ಯುವ ಯಂತ್ರ ಬಂದಿದೆ. 2013ರಲ್ಲಿ ಸರಕಾರದ ಅನ್ನಭಾಗ್ಯ ಪಡಿತರ ಯೋಜನೆ ಆರಂಭವಾದ ಮೇಲೆ ನಾಲ್ಕು ಎಕರೆ ಜೋಳ ಬೆಳೆದೇ ಉಣ್ಣಬೇಕೆಂಬ ಒತ್ತಾಯ ಕಡಿಮೆಯಾಗಿ, ಜೋಳದ ಹೊಲದ ಒಂದು ಭಾಗ ಕಡಲೆಗೆ ತಿರುಗಿತು. ಮಲಪ್ರಭೆಯ ನೀರು ಮುಟ್ಟಿದ ಊರುಗಳಲ್ಲಿ ಕಬ್ಬು, ಗೋವಿನಜೋಳ ಬಂದು ಸುಗ್ಗಿಯ ತಿಂಗಳೇ ಬೇರೆಯಾಯಿತು. ಎತ್ತಿನ ಜೋಡಿ ಕಟ್ಟುವ ಮನೆಗಳು ಕಡಿಮೆ. ಬಾಡಿಗೆ ಟ್ರ್ಯಾಕ್ಟರಿಗೆ ದುಡ್ಡಿದ್ದರೆ ಸಾಕು, ಅಣ್ಣನ ಮುಖ ನೋಡಬೇಕಿಲ್ಲ. ಯಂತ್ರ ಹೆಂಗಸರ ಬೆನ್ನಿನ ಭಾರ ಇಳಿಸಿದ್ದು ನಿಜ. ದೊಡ್ಡ ಮನೆ ಒಡೆಯುತ್ತಿರುವುದನ್ನು ಬರೀ ಮನಸ್ಸು ಸಣ್ಣದಾದ್ದರ ಗುರುತೆಂದು ಹಳಿಯುವವರು ಈ ಬದಲಾವಣೆಯನ್ನೂ ಗಮನಕ್ಕೆ ತಂದುಕೊಳ್ಳಬೇಕು. ಕೆಲಸ ಬೇಡಿದ್ದರಿಂದ ಕೂಡಿದ ಮನೆ, ಕೆಲಸ ಹೋದ ಮೇಲೆ ಕೂಡಿರಲು ಬೇರೆ ಕಾರಣ ಹುಡುಕಬೇಕಾಗುತ್ತದೆ. ಹಾಗೆ ಹುಡುಕಿಕೊಂಡ ಮನೆಗಳೂ ಇವೆ: ಒಲೆ ಬೇರೆ ಮಾಡಿಕೊಂಡು ಹೊಲ ಒಂದೇ ಇಟ್ಟವರು, ಕೊಳವೆಬಾವಿಗಾಗಿ, ಎಮ್ಮೆಗಾಗಿ, ಮುದುಕರ ಔಷಧಿಗಾಗಿ ಕೂಡಿ ನಡೆದವರು.

ಪಾಲಾಗುವ ಮನೆಗಳು ಸಾಮಾನ್ಯವಾಗಿ ಪಾಲಾಗುವುದು ಯುಗಾದಿಯ ನಂತರ, ಬೇಸಿಗೆಯ ರಂಟೆ ಹೊಡೆಯುವ ಮೊದಲು. ಆಗ ಹೊಲದಲ್ಲಿ ನಿಂತ ಬೆಳೆ ಇರುವುದಿಲ್ಲ, ಕಾಳು ಅಳೆದಾಗಿರುತ್ತದೆ, ಬದು ಹಾಕಿ ಗುಂಟೆ ಲೆಕ್ಕದಲ್ಲಿ ಅಳೆಯುವುದು ಸುಲಭ.